ಜಬೀವುಲ್ಲಾ ಸಾಬ್ರು ಆಕಾಶದಲ್ಲಿ ಕಂಡದ್ದು

ಹಿರಿಯೂರು ಸೀಮೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಎಲೆಕ್ಷನ್ ಭಾಷಣವಾಗಲಿ, ಜನ ಕೂರುವುದು ಜಬೀವುಲ್ಲಾ ಸಾಬ್ರ ಶಾಮಿಯಾನದ ಕೆಳಗೇ. ಆದರೆ ಮದುವೆಗೆ ಬಂದವರು ಹೆಣ್ಣನ್ನು ನೋಡುತ್ತಾರೆ, ಗಂಡನ್ನು ನೋಡುತ್ತಾರೆ, ಎಲೆಗೆ ಏನು ಬಿತ್ತು ಎಂದು ನೋಡುತ್ತಾರೆ. ತಲೆ ಎತ್ತಿ ಶಾಮಿಯಾನ ನೋಡಿದವರು ಆ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಮಳೆ ಬಂದು ಸೋರಿದರೆ ಮಾತ್ರ ನೋಡುತ್ತಾರೆ. ಆಗ ಸಾಬ್ರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ, ಆದರೆ ಅದನ್ನು ಹೇಳುವ ಧಾಟಿ ಬೇರೆ.

ಇದನ್ನೆಲ್ಲ ಅವರು ಹೇಗೋ ನುಂಗಿಕೊಂಡು ಬಂದಿದ್ದರು. ನುಂಗಲಾಗದ್ದು ಬೀಗರ ಫೋನು. ಮಗಳು ಕೈನಾತ್‌ಳನ್ನು ಚಿತ್ರದುರ್ಗದ ಮುಝಫರ್ ಸಾಬ್ರ ಮಗ ತಾಬಿಶ್‌ಗೆ ಕೊಡುವುದೆಂದು ಮಾತಾಗಿತ್ತು. ಹುಡುಗ ಚಿನ್ನ, ಮಗಳು ಅವನ ಹೆಸರು ಕೇಳಿದರೆ ಸಾಕು ಅಡುಗೆಮನೆಗೆ ಓಡಿ ಸುಮ್ಮನೆ ಪಾತ್ರೆ ಜೋಡಿಸುತ್ತಿದ್ದಳು. ಆದರೆ ಹುಡುಗನ ತಂದೆಗೆ ಕೋಟೆಯ ಬುಡದಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿ, ಅದಕ್ಕಿಂತ ದೊಡ್ಡ ಬಾಯಿ. ದಿನಾ ಸಂಜೆ ಫೋನ್ ಮಾಡಿ, "ಇವತ್ತು ನಮ್ಮ ಅಂಗಡಿಗೆ ಯಾರು ಬಂದಿದ್ರು ಗೊತ್ತೇನ್ರಿ?" ಎಂದು ಶುರು ಮಾಡುತ್ತಿದ್ದರು. ಒಂದು ದಿನ ದೊಡ್ಡ ಇಂಜಿನಿಯರು, ಒಂದು ದಿನ ಮಾಜಿ ಮಂತ್ರಿಯ ಷಡ್ಡಕ. ಜಬೀವುಲ್ಲಾ ಸಾಬ್ರು ಎಲ್ಲದಕ್ಕೂ "ಮಾಶಾಅಲ್ಲಾ" ಎನ್ನುತ್ತಿದ್ದರು. ಒಮ್ಮೆ ತಡೆಯಲಾರದೆ, "ನಮ್ಮ ಅಂಗಡಿಗೂ ಬಂದಿತ್ರೀ" ಎಂದುಬಿಟ್ಟರು. "ಯಾರು?" ಎಂದಾಗ ಹೇಳಲು ಏನೂ ಹೊಳೆಯದೆ "ಹಸು" ಎಂದರು. ಬಂದದ್ದೂ ನಿಜ, ಹಗ್ಗ ತಿಂದು ಹೋದದ್ದೂ ನಿಜ. ಆದರೆ ಆ ಸಂಜೆ ಮುಝಫರ್ ಸಾಬ್ರು ನಕ್ಕ ನಗು ಇವರ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಆಷಾಢ ಬಂತೆಂದರೆ ನಮ್ಮ ಕಡೆ ಹಿಂದೂಗಳ ಮದುವೆ ಬಂದ್. ಶಾಮಿಯಾನದವರು ವರ್ಷದ ಕೊಳೆಯನ್ನೆಲ್ಲ ಒಗೆಯುವುದು ಆಗಲೇ. ಹಿರಿಯೂರಿನಲ್ಲಿ ಅಷ್ಟು ಬಟ್ಟೆ ಹರಡಲು ಜಾಗವಿಲ್ಲ, ಹಾಗಾಗಿ ಯಲ್ಲದಕೆರೆಯ ಕುರಿಗಾರ ಗೋವಿಂದಪ್ಪನ ಬೋರ್‌ವೆಲ್ ಪಕ್ಕದ ದೊಡ್ಡ ಬಂಡೆಯ ಮೇಲೆ ಒಗೆತ. ತೊಂದರೆ ಏನೆಂದರೆ, ಒಗೆಯಲು ಬಿಡುವು ಸಿಗುವ ತಿಂಗಳಲ್ಲೇ ಗಾಳಿಗೂ ಹುಚ್ಚು ಹಿಡಿಯುತ್ತದೆ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟ ಕಂಪನಿಯವರೇನು ದಡ್ಡರೇ? ಅದಕ್ಕೇ ಸಾಬ್ರು ಒಂದು ಕಟ್ಟಪ್ಪಣೆ ಮಾಡಿದ್ದರು: ಹಳೆ ಕೆಂಪು ಶಾಮಿಯಾನ ಎಷ್ಟಾದರೂ ಒಗೆಯಿರಿ, ಬೆಳ್ಳಿ ಗುಮ್ಮಟವನ್ನು ಮಾತ್ರ ಆಷಾಢದಲ್ಲಿ ಹೊರಗೆ ತೆಗೆಯಬೇಡಿ.

ಬೆಳ್ಳಿ ಗುಮ್ಮಟವೆಂದರೆ ಅವರ ಅಂಗಡಿಯ ಕಿರೀಟ. ಹಗುರ ಪೈಪಿನ ದೊಡ್ಡ ಬಳೆ, ಅದಕ್ಕೆ ಬಿಗಿದ ಬೆಳ್ಳಿ ಬಣ್ಣದ ಬಟ್ಟೆ, ಸುತ್ತ ನೀಲಿ ಅಂಚು, ಅಂಚಿನ ತುಂಬ ಪುಟ್ಟ ಕನ್ನಡಿಗಳು. ಬರುವ ಭಾನುವಾರ ಕೈನಾತ್‌ಳ ನಿಕಾಹ್ ಇದರ ಕೆಳಗೇ ಆಗಬೇಕಿತ್ತು. ಹೆಂಡತಿ ಮಾಹೀರಾ ಒಂದೇ ಸಮನೆ ಪೀಡಿಸುತ್ತಿದ್ದಳು: "ಅದರ ನಡುಮಧ್ಯ ಸಾಂಬಾರಿನ ಕಲೆ ಐತ್ರೀ, ಬೀಗರು ತಲೆ ಎತ್ತಿದ್ರೆ ನನ್ನ ಮಾನ ಹೋಗುತ್ತೆ." ಅಷ್ಟು ಎತ್ತರಕ್ಕೆ ಸಾಂಬಾರು ಹೇಗೆ ಹಾರಿತೆಂಬುದು ಹಿಂದಿನ ಮದುವೆಯ ಬೀಗರ ನಡುವಿನ ವಿಷಯ, ನಮಗೆ ಬೇಡ. ಸಾಬ್ರು ಒಪ್ಪಲಿಲ್ಲ, ಅಷ್ಟೆ. ಮಾಹೀರಾ ಆಮೇಲೆ ಆ ಮಾತು ಎತ್ತಲಿಲ್ಲ. ಹೆಂಡತಿ ಸುಮ್ಮನಾದಳೆಂದು ಗಂಡ ನೆಮ್ಮದಿಯಾದ.

ಗುರುವಾರ ಮಧ್ಯಾಹ್ನ ಸಾಬ್ರು ನಿಕಾಹ್ ಊಟಕ್ಕೆ ಕುರಿ ನೋಡಲು ಟಿವಿಎಸ್ ಗಾಡಿಯಲ್ಲಿ ಯಲ್ಲದಕೆರೆಗೆ ಹೋದರು. ಗೋವಿಂದಪ್ಪ ಹೊಲದಲ್ಲೇ ಸಿಕ್ಕಿದ.

"ಇದರ ಬೆನ್ನು ಮುಟ್ರಿ ಸಾಬ್ರೆ. ಮುಟ್ರಿ, ನಾಚ್ಕೋಬೇಡ್ರಿ" ಎಂದ.

ಸಾಬ್ರು ಕುರಿಯ ಬೆನ್ನು ಮುಟ್ಟಿದರು. ಅದೇ ಹೊತ್ತಿಗೆ ಗುಡ್ಡದ ಆಚೆಯಿಂದ ಗುಂಯ್ ಎಂದು ಸದ್ದಾಯಿತು. ನೋಡಿದರೆ, ದುಂಡಗಿನ ಬೆಳ್ಳಗಿನ ಏನೋ ಒಂದು ಗಿರಗಿರ ತಿರುಗುತ್ತ ಆಕಾಶಕ್ಕೆ ಏರಿತು. ಅದರ ಸುತ್ತ ಮಿಣಮಿಣ ಬೆಳಕು. ತಲೆಯ ಮೇಲೇ ಹಾದು, ಓರೆಯಾಗಿ ವಾಲಿ, ದೂರದ ಜಾಲಿಯ ಮೆಳೆಯ ಹಿಂದೆ ಇಳಿಯಿತು. ಕುರಿಗಳೆಲ್ಲ ದಿಕ್ಕಾಪಾಲು. ಓಡದೆ ನಿಂತ ಒಂದೇ ಕುರಿಯ ಹೊಟ್ಟೆಯ ಕೆಳಗೆ ಗೋವಿಂದಪ್ಪ ಮುಖ ಮುಚ್ಚಿ ಮಲಗಿದ್ದ.

ಸಾಬ್ರೂ ಹೆದರಿದ್ದರು. ಆದರೆ ಮನುಷ್ಯನ ಮನಸ್ಸು ನೋಡಿ, ಹೆದರಿಕೆ ಇಳಿಯುವ ಮೊದಲೇ ಅವರಿಗೆ ಒಂದು ಸಂತೋಷ ಹೊಳೆಯಿತು. ಜೇಬಿನಿಂದ ಫೋನ್ ತೆಗೆದರು.

ಮುಝಫರ್ ಸಾಬ್ರು ಎತ್ತಿದ ಕೂಡಲೇ, "ಇವತ್ತು ನಮ್ಮ ಅಂಗಡಿಗೆ ಯಾರು..." ಎಂದರು.

"ಯಾರಾದ್ರೂ ಬರ್ಲಿ ಬಿಡ್ರಿ ಸಾಬ್. ಇಲ್ಲಿ ನನ್ನ ಕಣ್ಮುಂದೆ ಆಕಾಶದಿಂದ ಬಂದೈತೆ."

ಅತ್ತ ಕಡೆ ಮೌನ. ಮಾತು ಕೂಡಿದ ಮೇಲೆ ಮೊದಲ ಸಲ ಮುಝಫರ್ ಸಾಬ್ರು ಸುಮ್ಮನಿದ್ದರು. ಆ ಮೌನ ಜಬೀವುಲ್ಲಾ ಸಾಬ್ರಿಗೆ ಸಕ್ಕರೆಗಿಂತ ಸಿಹಿಯಾಯಿತು. ಅದು ಮುಗಿದೀತೆಂಬ ಹೆದರಿಕೆಯಿಂದ ಒಂದು ಕಿಟಕಿ ಸೇರಿಸಿದರು. ಕಿಟಕಿ ಇದ್ದ ಮೇಲೆ ಒಳಗೆ ಜನ ಬೇಡವೇ? ಮೂರು ಜನರನ್ನು ಕೂರಿಸಿದರು.

"ಅವರು ಏನ್ ಮಾಡಿದ್ರು?" ಮುಝಫರ್ ಸಾಬ್ರ ದನಿ ಸಣ್ಣಗಾಗಿತ್ತು.

"ಕೈ ಬೀಸಿದ್ರು."

"ನೀವು?"

"ಸಲಾಂ ಹೇಳ್ದೆ. ಪಾಪ, ಅಷ್ಟು ದೂರದಿಂದ ಬಂದವರು."

ಫೋನ್ ಇಟ್ಟಾಗ ಗೋವಿಂದಪ್ಪ ಎದ್ದು ಮೈ ಕೊಡವಿಕೊಳ್ಳುತ್ತಿದ್ದ. "ಮೂರು ಜನಾನಾ ಸಾಬ್ರೆ? ನನಗೆ ಕಾಣ್ಲೇ ಇಲ್ವಲ್ಲ."

"ನೀನು ಕುರಿ ಕೆಳಗೆ ಇದ್ದೆ ಗೋವಿಂದಣ್ಣ."

"ಅದೂ ಖರೇನೆ" ಎಂದ ಗೋವಿಂದಪ್ಪ. ಊರು ಮುಟ್ಟುವಷ್ಟರಲ್ಲಿ ಅವನಿಗೂ ಕಂಡಿತ್ತು. ಜುಂಜಣ್ಣನ ಹೋಟೆಲಿನಲ್ಲಿ ಚಹಾ ಕುಡಿದು ಏಳುವಷ್ಟರಲ್ಲಿ ಜುಂಜಣ್ಣನಿಗೂ ಕಂಡಿತ್ತು, ಅದೂ ನಾಲ್ಕು ಜನ.

ಶುಕ್ರವಾರ ಬೆಳಿಗ್ಗೆ ಟಿವಿಯವರು ಹಿರಿಯೂರಿನ ಮನೆ ಬಾಗಿಲಿಗೆ ಬಂದರು. ಕಳಿಸಿದವರು ಬೀಗರೇ. ಓಣಿಯವರೆಲ್ಲ ನೆರೆದರು. ಇಷ್ಟು ವರ್ಷ "ಶಾಮಿಯಾನದವ" ಎನ್ನುತ್ತಿದ್ದವರು "ಜಬೀವುಲ್ಲಾ ಸಾಹೇಬ್ರೆ, ಸ್ವಲ್ಪ ಈ ಕಡೆ ತಿರುಗ್ರಿ" ಎಂದರು. ಸಾಬ್ರು ತಿರುಗಿದರು. ಇಸ್ತ್ರಿ ಅಂಗಿ, ಅತ್ತರು ಎಲ್ಲ ಆಗಿತ್ತು. ಟಿವಿಯಲ್ಲಿ ಅತ್ತರಿನ ವಾಸನೆ ಬರುವುದಿಲ್ಲವೆಂದು ಹೇಳಿದರೂ ಅವರು ಕೇಳಿರಲಿಲ್ಲ.

ಮಧ್ಯಾಹ್ನ ಅದು ಪ್ರಸಾರವಾದಾಗ ಮಾಹೀರಾ ನೆರೆಮನೆಯ ಹೆಂಗಸರ ನಡುವೆ ಹೆಮ್ಮೆಯಿಂದ ಕೂತಿದ್ದಳು. ಪರದೆಯ ಮೇಲೆ ಗಂಡ ಹೇಳುತ್ತಿದ್ದ: "ದುಂಡಗಿತ್ತು. ಬೆಳ್ಳಿ ಬಣ್ಣ. ಸುತ್ತ ನೀಲಿ ಅಂಚು, ಒಂದ್ ಗೇಣು ಅಗಲ."

ಮಾಹೀರಾಳ ನಗು ಸಣ್ಣಗಾಯಿತು.

"ಅಂಚಿನ ತುಂಬ ಬೆಳಕು. ಮೂರು ಬೆಳಕು, ಆಮೇಲೆ ಒಂದು ಖಾಲಿ. ಮತ್ತೆ ಮೂರು, ಒಂದು ಖಾಲಿ."

ಮಾಹೀರಾ ಎದ್ದು ನಿಂತಳು.

"ಹೊಟ್ಟೆಯ ಕೆಳಗೆ ನಡುಮಧ್ಯ ಒಂದು ಹಳದಿ ಮಚ್ಚೆ. ಬಹುಶಃ ಇಂಜಿನ್ನು."

ಮಾಹೀರಾ, ಬಾಗಿಲಲ್ಲಿ ನಿಂತು ಟಿವಿಯಲ್ಲಿ ತನ್ನನ್ನೇ ನೋಡುತ್ತಿದ್ದ ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಿಮ್ಮ ಆಕಾಶದವರ ಗಾಡಿಗೆ ಅಂಚು ಹೊಲ್ದವಳು ನಾನೇ!" ಎಂದಳು. "ಮೂರು ಕನ್ನಡಿ ಹಚ್ಚಿ ಒಂದು ಜಾಗ ಬಿಟ್ಟವಳೂ ನಾನೇ. ಆ ಇಂಜಿನ್ನು ಸಾಂಬಾರು!"

ಸಾಬ್ರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬುಧವಾರ ಅವರು ಅಂಗಡಿಯಲ್ಲಿಲ್ಲದಾಗ ಮಾಹೀರಾ ಬೆಳ್ಳಿ ಗುಮ್ಮಟವನ್ನು ಆಟೋದಲ್ಲಿ ಹಾಕಿ ಗೋವಿಂದಪ್ಪನ ಹೆಂಡತಿ ಈರಕ್ಕನ ಬಂಡೆಗೆ ಕಳಿಸಿದ್ದಳು. ಈರಕ್ಕ ಬಳೆ ಬಿಚ್ಚದೆ ಹಾಗೇ ಉಜ್ಜಿ, ಒಣಗಲಿ ಎಂದು ಗುರುವಾರ ಬಂಡೆಯ ಮೇಲೆ ಬೋರಲು ಹಾಕಿದ್ದಳು. ಮುಂದಿನ ಕೆಲಸ ಆಷಾಢದ ಗಾಳಿಯದು.

"ಈರಕ್ಕನಿಗೆ ಗೊತ್ತಾಗ್ಲಿಲ್ವಾ?"

ಮಾಹೀರಾ ಅಲ್ಲೇ ಈರಕ್ಕನಿಗೆ ಫೋನ್ ಮಾಡಿ ಕೇಳಿ ಇಟ್ಟಳು. "ಅಳ್ತಾ ಅವ್ಳೆ. ಆಕಾಶದವರು ಬಂದು ಬಟ್ಟೆ ಕದ್ಕೊಂಡು ಹೋದ್ರು ಅಂತಾಳೆ."

ಜಬೀವುಲ್ಲಾ ಸಾಬ್ರು ಅಕ್ಕಿ ಡಬ್ಬದ ಮೇಲೆ ಕುಸಿದು ಕೂತರು. ನಿಜ ಹೇಳಿದರೆ ಮುಝಫರ್ ಸಾಬ್ರು ಏನೆಂದಾರು? ಸುಳ್ಳುಗಾರನ ಮನೆಯ ಹೆಣ್ಣು ಬೇಡವೆಂದರೆ ಕೈನಾತ್ ಗತಿ ಏನು? ಭಾನುವಾರಕ್ಕೆ ನಡುವೆ ಇದ್ದದ್ದು ಒಂದೇ ದಿನ. ಸದ್ದಿಲ್ಲದೆ ಹೋಗಿ ಗುಮ್ಮಟ ಮಡಚಿ ತಂದುಬಿಟ್ಟರೆ, ಆಕಾಶದವರು ಬಂದಂತೆ ಹೋದರು ಎಂದು ಊರು ಮರೆಯುತ್ತದೆ. ಹೀಗೆಂದುಕೊಂಡು ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಯಲ್ಲದಕೆರೆಗೆ ಹೊರಟರು.

ಜಾಲಿಯ ಮೆಳೆಯ ಸುತ್ತ ಮಿಲಿಟರಿ ನಿಂತಿತ್ತು.

ಎರಡು ಜೀಪು, ಒಂದು ಲಾರಿ, ಕೆಂಪು ಬಿಳಿ ಪಟ್ಟಿಯ ಬೇಲಿ. ಒಬ್ಬ ಸೈನಿಕ ಕೀಂವ್ ಕೀಂವ್ ಎನ್ನುವ ಪೆಟ್ಟಿಗೆ ಹಿಡಿದು ಮೆಳೆಯ ಸುತ್ತ ಸುತ್ತುತ್ತಿದ್ದ. ಇನ್ನೊಬ್ಬ ಗೋವಿಂದಪ್ಪನ ಕುರಿಗಳನ್ನು ತನಿಖೆ ಮಾಡುತ್ತಿದ್ದ.

"ಈ ಕುರಿ ಬೆನ್ನು ಯಾವಾಗಿಂದ ಕೆಂಪಾಗಿದೆ?"

"ನಾನು ಬಣ್ಣ ಬಳಿದಾಗಿಂದ ಸಾರ್. ನಮ್ಮ ಕುರಿ ಗುರುತು ಅದು."

"ಆ ನೀಲಿ ಕುರಿ?"

"ಅದು ನಮ್ಮ ತಮ್ಮನ ಪಾಲು ಸಾರ್."

ಸೈನಿಕ ನಂಬಲಿಲ್ಲ. ಪೆಟ್ಟಿಗೆ ತರಿಸಿ ಎರಡೂ ಕುರಿಗಳ ಹತ್ತಿರ ಹಿಡಿದು ನೋಡಿದ. ನೀಲಿ ಕುರಿ ಪೆಟ್ಟಿಗೆಯ ದಾರ ತಿನ್ನತೊಡಗಿತು.

ತನಿಖೆಗೆ ಬಂದವರು ಮೇಜರ್ ಚೇತನ್‌ಕುಮಾರ್. ಹೊಳಲ್ಕೆರೆ ಕಡೆಯವರು, ಮರ್ಯಾದಸ್ಥರು, ನಗು ಎಂಬುದನ್ನು ಎಲ್ಲೋ ಗಡಿಯಲ್ಲಿ ಬಿಟ್ಟು ಬಂದ ಹಾಗಿದ್ದರು. ಜನ ಮೊದಲು ಅವರನ್ನೇ, "ಇದು ನಿಮ್ದೇ ಅಲ್ವಾ ಸಾರ್?" ಎಂದು ಕೇಳಿದ್ದರಂತೆ. "ನಮ್ಮದಲ್ಲ" ಎಂದಿದ್ದರು ಮೇಜರ್. "ನಮ್ಮದಲ್ಲ ಅನ್ನೋದೇ ತೊಂದರೆ. ಯಾರದ್ದು ಅಂತ ಗೊತ್ತಾಗೋವರೆಗೆ ನಾವು ಬಿಡಂಗಿಲ್ಲ."

ಜಬೀವುಲ್ಲಾ ಸಾಬ್ರನ್ನು ಕಂಡದ್ದೇ ಕುರ್ಚಿ ಹಾಕಿಸಿದರು. "ಬರ್ರಿ, ಕುಂತ್ಕಳ್ರಿ. ಎಷ್ಟು ಎತ್ತರದಲ್ಲಿತ್ತು?"

ಸಾಬ್ರಿಗೆ ಎತ್ತರ ಗೊತ್ತಿದ್ದದ್ದು ಒಂದೇ ಲೆಕ್ಕದಲ್ಲಿ. "ಒಂದು ನಲವತ್ತು ಕಂಬ ಸಾರ್."

"ಎಷ್ಟು ದೊಡ್ಡದು?"

"ಮೊದಲ ಪಂಕ್ತಿ ಕೂರಬಹುದು ಸಾರ್, ಒತ್ತಿ ಕೂತ್ರೆ."

ಮೇಜರ್ ಪೆನ್ನು ಎತ್ತಿ ಅವರನ್ನೇ ನೋಡಿದರು. "ಒಳಗೆ ಪಂಕ್ತಿ ನಡೀತಾ ಇತ್ತಾ?"

"ಇಲ್ಲ ಸಾರ್. ಅಳತೆ ಹೇಳ್ದೆ."

"ಆಯ್ತು. ವಸ್ತುವನ್ನ ಇವತ್ತು ಸಂಜೆ ದಿಲ್ಲಿಗೆ ಕಳಿಸ್ತೀವಿ. ಅದರ ಒಳಗಿನವರ ಮುಖ ಸರಿಯಾಗಿ ನೋಡಿ ಮಾತಾಡಿಸಿದವರು ನೀವೊಬ್ಬರೇ. ನೀವೂ ಬರ್ಬೇಕು. ಒಂದು ವಾರ ಆಗಬಹುದು."

ನಾಳೆ ಮಗಳ ನಿಕಾಹ್. ಗುಮ್ಮಟ ದಿಲ್ಲಿಗೆ, ತಂದೆ ದಿಲ್ಲಿಗೆ. ಹಿಂದೆ ನಿಂತಿದ್ದ ಮಾಹೀರಾ ಬೆನ್ನಿಗೆ ತಿವಿದಳು. ಸಾಬ್ರು ಕುರ್ಚಿಯಿಂದ ಎದ್ದು, ಕೈ ಮುಗಿದು, ಒಂದೇ ಉಸಿರಿಗೆ ಹೇಳಿದರು: "ಸಾರ್, ಅದು ನನ್ನ ಶಾಮಿಯಾನ. ಒಗೆದು ಒಣಗ್ಹಾಕಿದ್ದು. ಗಾಳಿಗೆ ಹಾರ್ತು."

ತನಿಖೆ ಅಲ್ಲಿಗೆ ಮುಗಿಯಿತೆಂದು ನೀವು ತಿಳಿಯಬಹುದು. ಸಾಬ್ರೂ ಹಾಗೇ ತಿಳಿದಿದ್ದರು.

ಮೇಜರ್ ತಲೆ ಆಡಿಸಿದರು. "ಬಟ್ಟೆ ನಿಮ್ಮದು. ಅದು ನಮಗೆ ಗೊತ್ತು. ಈರಕ್ಕ ಅನ್ನೋರು ಆಗ್ಲೇ ಹೇಳಿಕೆ ಕೊಟ್ಟಿದ್ದಾರೆ."

ಈರಕ್ಕ ಸೆರಗು ಬಾಯಿಗಿಟ್ಟು ಮುಂದೆ ಬಂದಳು. "ಹೌದು ಸಾಬ್ರೆ. ಆ ಹಾರೋದು ಬಂತು, ನಿಮ್ಮ ಬಟ್ಟೆ ಹೊದ್ಕೊಂತು, ಹೊಂಟೋಯ್ತು. ನಾನು ಒಬ್ಬಳೇ ಏನ್ ಮಾಡ್ಲಿ? ಬಕೆಟ್ ಬೀಸಿ ಎಸೆದೆ."

"ಏಯ್ ಈರಕ್ಕ, ಅದರ ಒಳಗೆ ಏನೂ ಇರ್ಲಿಲ್ಲ ಕಣಮ್ಮ!"

"ಇಲ್ಲ ಅಂದ್ರೆ ಹೆಂಗೆ?" ಮೇಜರ್ ಮೆತ್ತಗೆ ಕೇಳಿದರು. "ನೀವೇ ಸಲಾಂ ಹೇಳಿದ್ದೀರಿ."

"ಅದು... ಸ್ವಲ್ಪ ಸೇರ್ಸಿ ಹೇಳ್ದೆ ಸಾರ್."

"ಜುಂಜಣ್ಣ ನಾಲ್ಕು ಜನರನ್ನ ನೋಡಿದ್ದಾರೆ."

"ಐದು" ಎಂದ ಜುಂಜಣ್ಣ. "ಒಬ್ಬ ಹಿಂದೆ ಕುಂತಿದ್ದ, ಆಮೇಲೆ ನೆನಪಾತು."

"ಬರಗೇರಮ್ಮ ಅನ್ನೋ ಅಜ್ಜಿಯನ್ನ ಅವರು ಹೆಸರು ಹಿಡಿದು ಕರೆದಿದ್ದಾರೆ."

"ಕನ್ನಡದಾಗೇ ಕರೆದ್ರು" ಎಂದಳು ಬರಗೇರಮ್ಮ. "ನಮ್ಮ ಸೊಸೆಗಿಂತ ಮರ್ಯಾದೆ ಕೊಟ್ಟು ಕರೆದ್ರು."

"ಊರೆಲ್ಲಾ ಸುಳ್ಳು, ನೀವೊಬ್ಬರೇ ನಿಜಾನಾ? ಯಾರಾದ್ರೂ ನಿಮ್ಮನ್ನ ಹೆದರಿಸಿದ್ದಾರಾ?" ಮೇಜರ್ ದನಿ ತಗ್ಗಿಸಿದರು. "ಧೈರ್ಯವಾಗಿ ಹೇಳ್ರಿ. ಮಿಲಿಟರಿ ಇಲ್ಲಿದೆ."

ಗೋವಿಂದಪ್ಪನಿಗೆ ಸಿಟ್ಟು ನೆತ್ತಿಗೇರಿತು. ಎರಡು ದಿನದಿಂದ ಬಸ್ಸಿನವರು ಅವನ ಹೊಲದ ಮುಂದೆ ಸ್ಟಾಪ್ ಕೊಡುತ್ತಿದ್ದರು. ಜನ ಇಳಿದು ಕುರಿಗಳ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. "ಹಂಗಾರೆ ನಾನು ನೋಡಿದ್ದು ಸುಳ್ಳೇನ್ರಿ ಸಾಬ್ರೆ? ನಿಮ್ಮ ಬಟ್ಟೆ ನೋಡಿ ನಾನು ಕುರಿ ಕೆಳಗೆ ಮಲಗಿದ್ನಾ? ಈ ಗೋವಿಂದಪ್ಪ ಬಟ್ಟೆಗೆ ಹೆದರಾ ಗಂಡಸಾ?"

"ಯಾರ ಮಾತೂ ಬೇಡ" ಎಂದರು ಮೇಜರ್. "ಜಬೀವುಲ್ಲಾ ಸಾಬ್ರೆ, ಅದು ಬರೀ ಶಾಮಿಯಾನ ಅಂತೀರಿ. ಒಳಗೆ ಯಾರೂ ಇಲ್ಲ ಅಂತೀರಿ. ಇಲ್ಲೇ, ನಮ್ಮ ಮುಂದೆ, ಕಟ್ಟಿ ತೋರಿಸ್ತೀರಾ?"

ಈ ಮಾತಿಗೆ ಸಾಬ್ರ ಬೆನ್ನು ನೆಟ್ಟಗಾಯಿತು. ಅವರ ಜೀವನದಲ್ಲಿ ಉತ್ತರ ಗೊತ್ತಿರುವ ಪ್ರಶ್ನೆ ಅದೊಂದೇ. "ಕಂಬ ತರ್ರಿ" ಎಂದರು.

ಮಿಲಿಟರಿ ಲಾರಿಯಿಂದ ಡೇರೆಯ ಕಂಬ, ಹಗ್ಗ ಇಳಿದವು, ಮೆಳೆಯಿಂದ ಗುಮ್ಮಟ ಹೊರಬಂತು. ಅಲ್ಲಲ್ಲಿ ಮುಳ್ಳು ಸಿಕ್ಕಿ ಹರಿದಿತ್ತು, ಬಳೆ ಕೊಂಚ ಸೊಟ್ಟಗಾಗಿತ್ತು. ಮಾಹೀರಾ ಅದನ್ನು ಸವರಿ ನೋಡಿ, "ಕಲೆ ಮಾತ್ರ ಹೋಗಿಲ್ಲ" ಎಂದು ಈರಕ್ಕನ ಕಡೆ ಕಣ್ಣು ಬಿಟ್ಟಳು. ಗೂಟ ಹೊಡೆಯಲು ಜಾಗವಿಲ್ಲ, ಕೆಳಗೆಲ್ಲ ಬಂಡೆ. ಇಂಥ ಕಡೆ ಶಾಮಿಯಾನದವರು ಹಗ್ಗಕ್ಕೆ ಒಬ್ಬೊಬ್ಬರನ್ನು ನಿಲ್ಲಿಸುತ್ತಾರೆ. ಸಾಬ್ರು ಅದನ್ನೇ ಮಾಡಿದರು. ಅವರ ದನಿಯೇ ಬೇರೆಯಾಯಿತು.

"ಜುಂಜಣ್ಣ, ಈ ಹಗ್ಗ. ಗೋವಿಂದಣ್ಣ, ಆ ಕಡೆ, ಸೊಂಟಕ್ಕೆ ಸುತ್ಕೋ. ಮೇಜರ್ ಸಾಹೇಬ್ರೆ, ಪೆನ್ನು ಜೇಬಿಗಿಡ್ರಿ, ಇದನ್ನ ಹಿಡೀರಿ. ಸಡಿಲ ಬಿಡಬೇಡ್ರಿ, ಹೇಳಿದ್ದೀನಿ!"

"ಎಸ್ ಸಾರ್" ಎಂದುಬಿಟ್ಟರು ಮೇಜರ್.

ಒಂದು ಹಗ್ಗ ಉಳಿದಿತ್ತು, ಹಿಡಿಯಲು ಆಳಿರಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಕಾರು ನಿಂತಿತು. ಕರಿ ಕೋಟು ಹಾಕಿ, ಟೋಪಿ ಸರಿ ಮಾಡಿಕೊಳ್ಳುತ್ತ ಇಳಿದವರು ಸಾಕ್ಷಾತ್ ಮುಝಫರ್ ಸಾಬ್ರು. ಟಿವಿಯಲ್ಲಿ ಬೀಗರೊಬ್ಬರೇ ಕಂಡದ್ದನ್ನು ಅವರಿಗೆ ಸಹಿಸಲಾಗಿರಲಿಲ್ಲ. ನಿನ್ನೆ ಸಂಜೆ ಅವರೂ ಚಾನೆಲ್‌ಗೆ ಫೋನ್ ಮಾಡಿ, ಅದೇ ಹೊತ್ತಿಗೆ ಚಿತ್ರದುರ್ಗದ ಕೋಟೆ ಮೇಲಿಂದ ತಾನೂ ಅದನ್ನು ಕಂಡೆ ಎಂದಿದ್ದರು. ಈಗ ಮಿಲಿಟರಿಯವರಿಗೆ ಅದನ್ನು ಖುದ್ದಾಗಿ ಹೇಳಲು ಬಂದಿದ್ದರು.

ಜಬೀವುಲ್ಲಾ ಸಾಬ್ರು ಅವರನ್ನು ಕಂಡರು. ಆದರೆ ಗಾಳಿ ಬೀಸತೊಡಗಿತ್ತು, ಕಂಬಗಳು ಎದ್ದಿದ್ದವು, ಕಸುಬಿನ ಮುಂದೆ ಬೇರೆ ಯೋಚನೆ ನಿಲ್ಲಲಿಲ್ಲ. "ಸಾಬ್, ಈ ಹಗ್ಗ ಹಿಡೀರಿ, ಜಲ್ದಿ!" ಎಂದು ಕೊನೆಯ ಹಗ್ಗವನ್ನು ಅವರ ಕೈಗೆ ತುರುಕಿದರು. ಏನು, ಯಾಕೆ ಎಂದು ಕೇಳುವ ಮೊದಲೇ ಮುಝಫರ್ ಸಾಬ್ರು ಹಗ್ಗ ಹಿಡಿದು ನಿಂತಿದ್ದರು.

"ಎತ್ರಿ!" ಎಂದರು ಜಬೀವುಲ್ಲಾ ಸಾಬ್ರು.

ಬೆಳ್ಳಿ ಗುಮ್ಮಟ ಎದ್ದು ನಿಂತಿತು. ಬಿಸಿಲು ಬಿದ್ದು ಅಂಚಿನ ಕನ್ನಡಿಗಳೆಲ್ಲ ಮಿಣಮಿಣ ಹೊಳೆದವು. ಮೂರು ಬೆಳಕು, ಒಂದು ಖಾಲಿ. ಗಾಳಿ ತುಂಬಿ ಗುಂಯ್ ಎಂದು ಸದ್ದು ಬಂತು. ಕುರಿಗಳು ತಟ್ಟನೆ ದಿಕ್ಕಾಪಾಲಾದವು. ಜನ ಬಾಯಿ ಬಿಟ್ಟು ಮೇಲೆ ನೋಡಿದರು. ತಲೆ ಎತ್ತಿ ಜನ ತನ್ನ ಕೆಲಸ ನೋಡಬೇಕೆಂದು ಎಷ್ಟೋ ವರ್ಷ ಆಸೆಪಟ್ಟಿದ್ದ ಸಾಬ್ರಿಗೆ ಆಗ ನೆಲದಲ್ಲಿ ಹುದುಗಿಬಿಡೋಣ ಎನ್ನಿಸಿತು.

"ಇದೇ ಅಲ್ವಾ?" ಎಂದರು ಮೇಜರ್, ಹಗ್ಗ ಎಳೆದು ಹಿಡಿದು.

ಗೋವಿಂದಪ್ಪ ಕೆಮ್ಮಿದ. ಜುಂಜಣ್ಣ ತನ್ನ ಐದು ಜನರನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಕಾಲಬೆರಳು ನೋಡಿದ. ಬರಗೇರಮ್ಮ ಮಾತ್ರ, "ಅವರು ಊಟಕ್ಕೆ ಇಳಿದಿರಬೇಕು" ಎಂದಳು.

ಮುಝಫರ್ ಸಾಬ್ರ ಮುಖ ಕೆಂಪಗಾಗಿತ್ತು. "ಜಬೀವುಲ್ಲಾ ಸಾಬ್. ಆವತ್ತು ಫೋನಲ್ಲಿ ಹೇಳಿದ್ದು ಇದೇನಾ?"

"ಇದೇ ಸಾಬ್."

"ಕಿಟಕಿ?"

"ಸುಳ್ಳು."

"ಮೂರು ಜನ?"

"ಸುಳ್ಳು ಸಾಬ್. ಎಲ್ಲಾ ಸುಳ್ಳು. ದಿನಾ ನೀವು ದೊಡ್ಡದೊಡ್ಡವರ ಮಾತು ಹೇಳ್ತಿದ್ರಿ. ನನ್ನ ಹತ್ರ ಹೇಳಕ್ಕೆ ಏನೂ ಇರ್ತಿರ್ಲಿಲ್ಲ. ಒಂದು ದಿನ ನಿಮ್ಮ ಸಮಕ್ಕೆ ನಿಲ್ಲೋಣ ಅಂತ ಆಸೆ ಆಯ್ತು. ತಪ್ಪು ನಂದು, ಬೈಯಾದಿದ್ರೆ ನನ್ನ ಬೈರಿ. ಮಗಳದ್ದು ಏನೂ ತಪ್ಪಿಲ್ಲ. ನಾಳೆ ಬರಲ್ಲ ಅನ್ನಬೇಡ್ರಿ."

ಮುಝಫರ್ ಸಾಬ್ರು ತುಟಿ ಬಿಗಿಹಿಡಿದು ನಿಂತಿದ್ದರು. ಮಾಹೀರಾ ಸೆರಗನ್ನು ಹಿಂಡುತ್ತಿದ್ದಳು.

ಮೇಜರ್‌ಗೆ ಆಗ ಏನೋ ನೆನಪಾಯಿತು. "ಮುಝಫರ್ ಸಾಹೇಬ್ರು ಅಂದ್ರೆ ನೀವೇನಾ? ಚಿತ್ರದುರ್ಗದ ಕೋಟೆ ಮೇಲಿಂದ ಇದನ್ನ ನೋಡಿದೋರು? ಕಿಟಕಿ ಮೂರಿತ್ತು ಅಂದಿದ್ದೀರಿ. ಎಲ್ಲಿ ಸ್ವಲ್ಪ ತೋರಿಸ್ರಿ."

ಎಲ್ಲರ ಕಣ್ಣೂ ಮುಝಫರ್ ಸಾಬ್ರ ಮೇಲೆ ಬಿತ್ತು. ಅಂಗಡಿಗೆ ಬಂದ ಇಂಜಿನಿಯರು, ಮಾಜಿ ಮಂತ್ರಿಯ ಷಡ್ಡಕ, ಯಾರೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. "ಅಲ್ಲಾ, ನಾನು ಹೇಳಿದ್ದು ಏನಂದ್ರೆ ಸಾರ್..." ಎನ್ನುತ್ತ ಅವರು ವಿವರಿಸಲು ಎರಡೂ ಕೈ ಎತ್ತಿದರು.

ಎರಡೂ ಕೈ ಎತ್ತಿದ್ದೇ ತಪ್ಪಾಯಿತು. ಹಗ್ಗ ಸುರ್ರೆಂದು ಜಾರಿತು. ಗುಮ್ಮಟ ಒಂದು ಕಡೆ ವಾಲಿ, ಗಾಳಿ ಕುಡಿದು ಉಬ್ಬಿತು. ಜುಂಜಣ್ಣ ಕೈ ಬಿಟ್ಟ. ಗೋವಿಂದಪ್ಪ ಸೊಂಟದ ಹಗ್ಗ ಬಿಚ್ಚಿಕೊಂಡು ಮತ್ತೆ ಕುರಿ ಹುಡುಕಿದ. ಸಡಿಲ ಬಿಡಬಾರದೆಂದು ಆಜ್ಞೆಯಾಗಿದ್ದರಿಂದ ಮೇಜರ್ ಒಬ್ಬರೇ ಬಂಡೆಯ ಮೇಲೆ ಸ್ವಲ್ಪ ದೂರ ಎಳೆಸಿಕೊಂಡು ಹೋಗಿ, ಕೊನೆಗೆ ಅವರೂ ಬಿಟ್ಟರು. ಬೆಳ್ಳಿ ಗುಮ್ಮಟ ಗಿರಗಿರ ತಿರುಗುತ್ತ ಆಕಾಶಕ್ಕೆ ಏರಿತು.

"ಹೊಂಟ್ರು ನೋಡ್ರಪ್ಪಾ!" ಎಂದು ಬರಗೇರಮ್ಮ ಕೈ ಬೀಸಿದಳು.

ಜನ ಕಲ್ಲಾಗಿ ನಿಂತು ನೋಡುತ್ತಿದ್ದರು. ಆಗ ಕರಿ ಕೋಟಿನ ಒಂದು ಆಕೃತಿ ಗುಂಪು ಸೀಳಿಕೊಂಡು ಹೊಲಕ್ಕೆ ನುಗ್ಗಿತು. ಟೋಪಿ ಒಂದು ಕಡೆ ಬಿತ್ತು, ಚಪ್ಪಲಿ ಒಂದು ಕಡೆ. ಕಡಲೆಕಾಯಿ ಗಿಡದ ಸಾಲು ತುಳಿಯುತ್ತ, ಎರಡೂ ಕೈ ಮೇಲೆತ್ತಿ ಮುಝಫರ್ ಸಾಬ್ರು ಓಡುತ್ತಿದ್ದರು.

"ಹಿಡೀರಿ! ನಮ್ದು ಅದು! ಅಯ್ಯೋ, ನಿಂತು ಏನ್ ನೋಡ್ತೀರಿ, ಹಿಡೀರಿ! ನಮ್ಮನೆ ಮದುವೇದು! ನಾಳೆ ನನ್ನ ಮಗನ ನಿಕಾಹ್ ಐತ್ರೀ ಅದರ ಕೆಳಗೆ!"

ಜಬೀವುಲ್ಲಾ ಸಾಬ್ರು ಅಲುಗಾಡಲಿಲ್ಲ. ಗುಮ್ಮಟ ದೂರ ಹೋಗುತ್ತಿತ್ತು, ಅದು ಅವರಿಗೆ ಕಾಣುತ್ತಲೇ ಇರಲಿಲ್ಲ.

ಮೇಜರ್ ಮೈಯ ಧೂಳು ಕೊಡವುತ್ತ ಪಕ್ಕಕ್ಕೆ ಬಂದು, ಜೇಬಿನಿಂದ ಪೆನ್ನು ತೆಗೆದರು. "ಯಾರದ್ದಂತೆ ಅದು?"

"ನಮ್ದಂತೆ ಸಾರ್" ಎಂದರು ಸಾಬ್ರು. ಕಣ್ಣಿನಿಂದ ನೀರು ದಳದಳ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಕೇಳಿಸ್ತಲ್ಲ? ಅವರೇ ಹೇಳ್ತಾ ಅವ್ರೆ. ನಮ್ದಂತೆ."

"ಅಳಾದು ಆಮೇಲೆ ಅಳ್ರಿ" ಎಂದು ಮಾಹೀರಾ ಬೆನ್ನಿಗೆ ಒಂದು ಗುದ್ದಿದಳು. "ಬೀಗರು ಬರಿಗಾಲಾಗೆ ಓಡ್ತಾ ಅವ್ರೆ, ಮೊದಲು ಹೋಗಿ ಹಿಡೀರಿ!"

ಸಾಬ್ರು ಮುಝಫರ್ ಸಾಬ್ರ ಚಪ್ಪಲಿ ಎತ್ತಿಕೊಂಡು ಓಡಿದರು.